ಐವತ್ತು ಕೆ.ಜಿ. ಒಳಗೆ

ಬಾಗಲಕೋಟೆ, ನವನಗರ
18 ಜೂನ್ 2025

ಅಕ್ಕಾ,

ಫೋನಿನಲ್ಲಿ ಸರಿಯಾಗಿ ಮಾತಾಡಲಿಲ್ಲ ಎಂದು ಮುನಿಸಿಕೊಂಡಿರುತ್ತೀ. ಈ ತಾಲೀಮು ಕೇಂದ್ರದಲ್ಲಿ ನಮ್ಮೆಲ್ಲರ ಫೋನುಗಳು ಕುಸ್ತಿ ಕಲಿಸುವ ಧರ್ಮರಾಜ ಸರ್ ಅವರ ಕಪಾಟಿನಲ್ಲಿರುತ್ತವೆ. ರವಿವಾರ ಒಬ್ಬೊಬ್ಬರನ್ನೇ ಆಫೀಸಿಗೆ ಕರೆದು ಕೊಡುತ್ತಾರೆ. ಅವರು ಎದುರಿಗೆ, ಬಾಗಿಲಲ್ಲಿ ಉಳಿದ ಹುಡುಗಿಯರ ಸಾಲು. ಅಲ್ಲಿ ನಿನ್ನ ಜೊತೆ ಏನು ಮಾತಾಡಲಿ? ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಕೋಣೆಯ ಗೆಳತಿ ಇಳಕಲ್ಲಿನ ಜಾಸ್ಮಿನಳ ಸೋದರಮಾವ ಅಕ್ಬರಸಾಬ ಕಾಕಾ ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್. ಬಸ್ಸು ಕುಳಗೇರಿ ಕ್ರಾಸಿನಲ್ಲಿ ನಿಂತಾಗ ಮಾಮಾನ ಪಂಕ್ಚರ್ ಅಂಗಡಿಗೆ ಕೊಡುತ್ತೇನೆ ಎಂದಿದ್ದಾರೆ. ನೀನೂ ಅವರ ಕೈಯಲ್ಲೇ ಕೊಡು.

ಸುದ್ದಿ ಏನೆಂದರೆ, ಈ ಸಲ ನಾನು ಐವತ್ತು ಕೆ.ಜಿ. ವಿಭಾಗದಲ್ಲಿ ಆಡುತ್ತೇನೆ. ಐವತ್ಮೂರರಲ್ಲಿ ಜಾಸ್ಮಿನ ಇದ್ದಾಳೆ. ಜಿಲ್ಲೆಯಿಂದ ಒಂದು ತೂಕಕ್ಕೆ ಒಬ್ಬಳೇ. ಇಬ್ಬರೂ ಅಲ್ಲೇ ನಿಂತರೆ ಒಬ್ಬಳು ಮನೆಗೆ ಹೋಗಬೇಕು. ಸರ್ ನನ್ನನ್ನು ತೂಕದ ಕಾಟಾದ ಮೇಲೆ ನಿಲ್ಲಿಸಿದರು. ಐವತ್ತೈದು ತೋರಿಸಿತು. "ಐದು ಕಿಲೋ ಏನೂ ಅಲ್ಲ. ನಾ ನಿನ್ನ ವಯಸ್ಸಿನ್ಯಾಗ ಎಂಟು ಇಳಿಸಿ ಮೆಡಲ್ ತಂದೇನಿ" ಅಂದರು. ಕೆಳಗಿನ ತೂಕದಲ್ಲಿ ಎದುರಿಗೆ ಬರುವವರೆಲ್ಲ ನನಗಿಂತ ಸಣ್ಣ ಹುಡುಗಿಯರು. ಹಿಡಿದು ಒಗೆಯುವುದು ಸುಲಭ.

ಊಟದ ಚಿಂತೆ ಮಾಡಬೇಡ. ಇಲ್ಲಿ ಚೆನ್ನಾಗಿ ಬಡಿಸುತ್ತಾರೆ. ನೀನು ಕಳಿಸಿದ ಅಮೀನಗಡದ ಕರದಂಟು ಎರಡೇ ದಿನಕ್ಕೆ ಮುಗಿಯಿತು.

ಅಪ್ಪನಿಗೆ, ಮಾಮಾನಿಗೆ ನಮಸ್ಕಾರ ಹೇಳು.

ಕಸ್ತೂರಿ


ಕುಳಗೇರಿ ಕ್ರಾಸ್
27 ಜೂನ್ 2025

ಕಸ್ತೂರಿ,

ನಿನ್ನ ಕಾಗದವನ್ನು ಅಪ್ಪ ಅಂಗಡಿಯ ಮುಂದೆ ಟೈರಿನ ಮೇಲೆ ಕೂತು ನಿನ್ನ ಮಾಮಾನ ಕೈಯಲ್ಲಿ ಗಟ್ಟಿಯಾಗಿ ಓದಿಸಿದ. ನನ್ನ ಗಂಡ ಯುವರಾಜ ಎಂದರೆ ಗೊತ್ತಲ್ಲ, ಕೈಯೆಲ್ಲ ಗ್ರೀಸು. ಕಾಗದದ ಅಂಚೆಲ್ಲ ಕಪ್ಪಾಗಿದೆ. ಬಸ್ಸಿಗೆ ನಿಂತವರೂ ಕೇಳಿದರು. ರಾಜ್ಯಮಟ್ಟದ ಆಯ್ಕೆಯ ದಿನ ತಾನೇ ಬಾಗಲಕೋಟೆಗೆ ಬಂದು ಮುಂದಿನ ಸಾಲಿನಲ್ಲಿ ಕೂರುತ್ತೇನೆ ಎಂದು ಅಪ್ಪ ಎಲ್ಲರಿಗೂ ಹೇಳಿದ್ದಾನೆ. ಬಿಳಿ ಧೋತರ ಈಗಲೇ ತೊಳೆಸಿ ಇಟ್ಟಿದ್ದಾನೆ.

ನೀನು ತೂಕ ಇಳಿಸುತ್ತೇನೆ ಎಂದು ಬರೆದದ್ದು ಓದಿ ನನಗೆ ನಗು ಬಂತು. ಅಂಗನವಾಡಿಯಲ್ಲಿ ಯಾವುದಾದರೂ ಕೂಸಿನ ತೂಕ ಒಂದು ತಿಂಗಳು ಏರದಿದ್ದರೆ ಅದರ ಅವ್ವನನ್ನು ಗದರುವವಳು ನಾನು. ನನ್ನ ತಂಗಿಯೇ ಇಳಿಸುತ್ತಾಳಂತೆ. ಇರಲಿ, ನಿಮ್ಮ ಸರ್‌ಗೆ ತಿಳಿದಿರುತ್ತದೆ. ಅವರು ಹೇಳಿದಂತೆ ಕೇಳು.

ಅವ್ವ ಹೋದಮೇಲೆ ನಿನ್ನನ್ನು ನನ್ನ ಸೊಂಟದ ಮೇಲೆ ಹೊತ್ತು ಬೆಳೆಸಿದೆ. ಕುಸ್ತಿಗೆ ಹೋಗುತ್ತೇನೆ ಎಂದಾಗ ಊರಿನಲ್ಲಿ ಯಾರು ಏನು ಅಂದರೆಂದು ನಿನಗೆ ಗೊತ್ತು. ಹೆಣ್ಣುಹುಡುಗಿಯನ್ನು ಪರಊರಿಗೆ ಬಿಟ್ಟಿದ್ದಾರೆ ಎಂದು ಈಗಲೂ ಅನ್ನುತ್ತಾರೆ. ನಮ್ಮ ಮೇಲೆ ಒಂದು ಮಾತು ಬರದ ಹಾಗೆ ಇರು. ಅಷ್ಟಾದರೆ ಗೆಲುವು ತಾನಾಗಿಯೇ ಬರುತ್ತದೆ.

ಅಂಟಿನುಂಡಿ ಕಳಿಸಿದ್ದೇನೆ. ತುಪ್ಪ ಮನೆಯದೇ.

ರಮಾಬಾಯಿ


ಬಾಗಲಕೋಟೆ
5 ಆಗಸ್ಟ್ 2025

ಅಕ್ಕಾ,

ಮೊದಲ ಹಾಳೆಯನ್ನು ಅಪ್ಪನಿಗೆ ಕೊಡು, ಓದಿಸಿಕೊಳ್ಳಲಿ. ಎರಡನೆಯದು ನಿನಗೊಬ್ಬಳಿಗೇ.

ಜಿಲ್ಲಾ ಆಯ್ಕೆಯಲ್ಲಿ ಗೆದ್ದೆ. ಕಾಟಾ ಐವತ್ತಕ್ಕೆ ಒಂದು ಕೂದಲು ಕಡಿಮೆ ತೋರಿಸಿತು. ಹಿಂದಿನ ದಿನ ರೇನ್‌ಕೋಟಿನಂಥ ಪ್ಲಾಸ್ಟಿಕ್ ಅಂಗಿ ತೊಟ್ಟು ಬಿಸಿಲಿನಲ್ಲಿ ಓಡಿದ್ದೆ. ಜಾಸ್ಮಿನಳೂ ಐವತ್ಮೂರಕ್ಕೆ ಇಳಿಯಬೇಕಿತ್ತು. ಓಡಿ ಸಾಕಾದಮೇಲೆ ಇಬ್ಬರೂ ಚ್ಯೂಯಿಂಗ್ ಗಮ್ ಜಗಿಯುತ್ತ ಡಬ್ಬಿಯಲ್ಲಿ ಉಗುಳುತ್ತ ಕೂತೆವು. ಉಗುಳಿಗೂ ತೂಕ ಇರುತ್ತದಂತೆ. ನೀನು ನೋಡಿದ್ದರೆ ನಕ್ಕುಬಿಡುತ್ತಿದ್ದೆ. ರಾಜ್ಯಮಟ್ಟದ ಆಯ್ಕೆ ತಿಂಗಳ ಕೊನೆಗೆ, ಇಲ್ಲೇ ಬಾಗಲಕೋಟೆಯಲ್ಲಿ. ಅಪ್ಪ ಧೋತರ ಉಟ್ಟುಕೊಂಡು ಬರಲಿ.

(ಎರಡನೆಯ ಹಾಳೆ)

ಇನ್ನು ಉಂಡಿ ಕಳಿಸಬೇಡ, ಮಳೆಗಾಲದಲ್ಲಿ ಕೆಡುತ್ತವೆ. ಅವ್ವನ ಹಳೆಯ ಸ್ವೆಟರ್ ಕಳಿಸು. ಯಾಕೋ ನನಗೆ ಥಂಡಿ ಭಾಳ ಹತ್ತುತ್ತದೆ. ಉಳಿದವರು ಫ್ಯಾನು ಹಾಕುತ್ತಾರೆ, ನಾನು ಹೊದ್ದುಕೊಂಡು ಕೂರುತ್ತೇನೆ.

ಇನ್ನೊಂದು ಮಾತು, ಹೇಗೆ ಬರೆಯಬೇಕೋ ತಿಳಿಯದು. ಮೇ ತಿಂಗಳ ನಂತರ ನಾನು ಮುಟ್ಟಾಗಿಲ್ಲ. ಒಳ್ಳೆಯದೇ ಆಯಿತು, ಆಟಕ್ಕೆ ಅಡ್ಡಿ ಇಲ್ಲ ಎಂದು ಹುಡುಗಿಯರು ಅನ್ನುತ್ತಾರೆ. ಸರ್‌ಗೆ ಕೇಳಲು ನಾಚಿಕೆ. ನೀನು ಎಲ್ಲ ಹೆಂಗಸರಿಗೂ ತಿಳಿಹೇಳುವವಳು. ಏನಾದರೂ ಔಷಧ ಇದ್ದರೆ ಬರೆ. ಯಾರಿಗೂ ಹೇಳಬೇಡ.

ಕಸ್ತೂರಿ


ಕುಳಗೇರಿ ಕ್ರಾಸ್
9 ಆಗಸ್ಟ್ 2025

ಕಸ್ತೂರಿ,

ಎರಡನೆಯ ಹಾಳೆ ಓದಿ ಒಲೆಗೆ ಹಾಕಿದೆ.

ಒಂದೇ ಮಾತು ಕೇಳುತ್ತೇನೆ, ಖರೆ ಬರೆ. ನಮ್ಮ ಅಂಗನವಾಡಿಯ ಸಹಾಯಕಿ ಇಂದ್ರಾಬಾಯಿ ಹೋದ ತಿಂಗಳು ಬಾಗಲಕೋಟೆಗೆ ಹೋಗಿದ್ದಳು. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಒಬ್ಬ ಹುಡುಗ ನಿನ್ನ ತಲೆ ಹಿಡಿದು ಶರಬತ್ತು ಕುಡಿಸುತ್ತಿದ್ದನಂತೆ. ಆಗ ನಾನು ಅವಳಿಗೇ ಬೈದೆ, ನಮ್ಮ ಕಸ್ತೂರಿ ಅಂಥವಳಲ್ಲ ಎಂದೆ. ಈಗ ನೀನೇ ಹೀಗೆ ಬರೆದಿದ್ದೀ. ಮೇಲೆ ಸ್ವೆಟರ್ ಬೇರೆ. ಶ್ರಾವಣದಲ್ಲಿ ಮೈಮುಚ್ಚಲು ಸ್ವೆಟರ್ ಯಾರಿಗೆ ಬೇಕಾಗುತ್ತದೆ ಎಂದು ತಿಳಿಯದಷ್ಟು ದಡ್ಡಿಯಲ್ಲ ನಾನು.

ಯಾರವನು? ಮನೆಗೆ ಬಾ. ಬಾದಾಮಿಯಲ್ಲಿ ನಮ್ಮನ್ನು ಯಾರೂ ಅರಿಯದ ಒಂದು ದವಾಖಾನೆ ಇದೆ, ಕರೆದುಕೊಂಡು ಹೋಗುತ್ತೇನೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ರಮಾಬಾಯಿ


ಬಾಗಲಕೋಟೆ
16 ಆಗಸ್ಟ್ 2025

ಅಕ್ಕಾ,

ನೀನು ಕೇಳಿದ್ದು ಏನೆಂದು ಮೊದಲು ತಿಳಿಯಲಿಲ್ಲ. ತಿಳಿದಮೇಲೆ ಉತ್ತರ ಬರೆಯಲು ಮನಸ್ಸಾಗಲಿಲ್ಲ. ಆಯ್ಕೆ ಹತ್ತಿರ ಬಂದಿದೆ. ಮುಗಿದ ಮೇಲೆ ಮಾತಾಡೋಣ.

ಕಸ್ತೂರಿ


ಕುಳಗೇರಿ ಕ್ರಾಸ್
30 ಆಗಸ್ಟ್ 2025

ಕಸ್ತೂರಿ,

ನಿನ್ನೆ ನಿನ್ನ ಕೇಂದ್ರಕ್ಕೆ ಬಂದು ಹೋದವಳು ಈವರೆಗೆ ಒಂದು ತುತ್ತು ಬಾಯಿಗಿಟ್ಟಿಲ್ಲ. ಇವತ್ತು ನಿನ್ನ ಆಯ್ಕೆ ಎಂದು ಗೊತ್ತು. ನೀನು ಕುಸ್ತಿ ಆಡುವ ಹೊತ್ತಿಗೆ ನಾನು ಇದನ್ನು ಬರೆಯುತ್ತಿದ್ದೇನೆ.

ಆಶಾ ಕಾರ್ಯಕರ್ತೆಯ ಹತ್ತಿರ ಯಾರಿಗೋ ಬೇಕೆಂದು ಸುಳ್ಳು ಹೇಳಿ ಆ ಪರೀಕ್ಷೆಯ ಪಟ್ಟಿ ತಂದಿದ್ದೆ. ನಾಲ್ಕು ಹನಿ ಮೂತ್ರ ಬಿದ್ದರೆ ಎರಡು ನಿಮಿಷದಲ್ಲಿ ಎಲ್ಲ ತಿಳಿಯುತ್ತಿತ್ತು. ನೀನು ಸಂಡಾಸದೊಳಗೆ ಹೋಗಿ ಬಾಗಿಲು ಹಾಕಿಕೊಂಡೆ. ನಾನು ಹೊರಗೆ ನಿಂತಿದ್ದೆ, ನೀರು ತುಂಬಲು ಬಂದ ಹುಡುಗಿಯರೆಲ್ಲ ನನ್ನನ್ನು ನೋಡುತ್ತಿದ್ದರು. ಕೊನೆಗೆ ನೀನು ಒಳಗಿನಿಂದಲೇ "ಬರವಲ್ದು ಅಕ್ಕಾ" ಅಂದೆ. ಹೊರಗೆ ಬಂದು ಆ ಪಟ್ಟಿಯನ್ನು ಒಣಗಿದ್ದು ಒಣಗಿದ ಹಾಗೇ ನನ್ನ ಕೈಗೆ ಇಟ್ಟೆ. ಒಂದು ಲೋಟ ನೀರು ಕುಡಿ ಎಂದು ಕೊಟ್ಟರೆ ಹಿಂದೆ ಸರಿದೆ. ಬೆಂಕಿ ಕಂಡವರ ಹಾಗೆ ಸರಿದೆ. ನಾನು ಏನು ತಿಳಿಯಬೇಕು, ನೀನೇ ಹೇಳು. ಮುಚ್ಚಿಡುವುದು ಇಲ್ಲದವಳು ಹೀಗೆ ಮಾಡುತ್ತಾಳೆಯೇ?

ನಾನು ಅಂದದ್ದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಅವ್ವ ಇದ್ದಿದ್ದರೆ ಅವಳೂ ಅದನ್ನೇ ಅನ್ನುತ್ತಿದ್ದಳು.

ರಾತ್ರಿ ಯುವರಾಜನಿಗೆ ಹೇಳಿದೆ. ಒಬ್ಬಳೇ ಹೊರಲಾರೆ. ನೀನಾಗಿ ಬಾ, ಇಲ್ಲವಾದರೆ ಅವನೇ ಬಂದು ಕರೆತರುತ್ತಾನೆ.

ರಮಾಬಾಯಿ


ಬಾಗಲಕೋಟೆ
6 ಸೆಪ್ಟೆಂಬರ್ 2025

ಅಕ್ಕಾ,

ನಿನ್ನ ಕಾಗದ ನನಗೆ ದವಾಖಾನೆಯ ಮಂಚದ ಮೇಲೆ ಸಿಕ್ಕಿತು. ಗಾಬರಿಯಾಗಬೇಡ, ಈಗ ಎದ್ದು ಕೂರುತ್ತೇನೆ. ನನಗೆ ಜ್ವರ ಎಂದಷ್ಟೇ ಮನೆಯವರಿಗೆ ಹೇಳಿರಿ ಎಂದು ಸರ್‌ಗೆ ನಾನೇ ಬೇಡಿಕೊಂಡಿದ್ದೆ. ನೀನು ಬಂದು ಮತ್ತೆ ಎಲ್ಲರ ಎದುರಿಗೆ ನಿಲ್ಲುವುದು ಬೇಡವಾಗಿತ್ತು.

ಮೂತ್ರ ಬರಲಿಲ್ಲ ಎಂದರೆ ಬರಲಿಲ್ಲ ಅಕ್ಕಾ. ನೀನು ಬಂದ ದಿನ ಬೆಳಿಗ್ಗೆಯಿಂದ ನಾನು ಒಂದು ಹನಿ ನೀರು ಕುಡಿದಿರಲಿಲ್ಲ, ಅದರ ಹಿಂದಿನ ದಿನವೂ ಬರಿ ತುಟಿ ಒದ್ದೆ ಮಾಡಿಕೊಂಡದ್ದು. ಮರುದಿನ ತೂಕ. ಇನ್ನೂ ಒಂದೂವರೆ ಕಿಲೋ ಇಳಿಯಬೇಕಿತ್ತು. ನೀನು ಕೊಟ್ಟ ಆ ಲೋಟದ ನೀರು ಕುಡಿದಿದ್ದರೆ ಅದನ್ನು ಬೆವರಿನಲ್ಲಿ ತೆಗೆಯಲು ಮತ್ತೊಂದು ಸಲ ಓಡಬೇಕಿತ್ತು. ನನ್ನ ಕಾಲಲ್ಲಿ ಶಕ್ತಿ ಇರಲಿಲ್ಲ. ಆ ನೀರನ್ನು ನಾನು ಹೇಗೆ ನೋಡಿದೆನೆಂದು ನಿನಗೆ ತಿಳಿಯಲಿಲ್ಲ. ನಾನೂ ಬಾಯಿಬಿಟ್ಟು ಹೇಳಲಿಲ್ಲ. ಹಸಿವೆ ಎಂದು ಹೇಳಲು ನಾಚಿಕೆಯಾಯಿತು. ಉಳಿದವರೆಲ್ಲ ತಡೆದುಕೊಳ್ಳುತ್ತಾರೆ, ಇವಳೊಬ್ಬಳಿಗೆ ಆಗುವುದಿಲ್ಲ ಎಂದಾಗುತ್ತದೆ.

ನಿನಗೆ ಬರೆದದ್ದೆಲ್ಲ ಸುಳ್ಳು. ಬೆಳಿಗ್ಗೆ ಎರಡು ಮೊಟ್ಟೆಯ ಬಿಳಿ ಭಾಗ, ಮಧ್ಯಾಹ್ನ ಅರ್ಧ ರೊಟ್ಟಿ, ಸಂಜೆ ಸವತೆಕಾಯಿ. ಸಂಜೆಯ ತೂಕವನ್ನು ಸರ್ ಎಲ್ಲರ ಮುಂದೆ ಕೂಗಿ ಹೇಳುತ್ತಿದ್ದರು, ಏರಿದವರು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ನೀನು ಕಳಿಸಿದ ಕರದಂಟನ್ನು ನಾನು ತಿನ್ನಲಿಲ್ಲ, ಹಂಚಿಬಿಟ್ಟೆ. ಉಂಡಿಗಳನ್ನು ಮಾತ್ರ ಹಂಚಲಾಗಲಿಲ್ಲ. ಒಂದನ್ನು ಬಾಯಲ್ಲಿ ಅಗಿದು, ನುಂಗದೆ, ಮೋರಿಗೆ ಉಗುಳಿದೆ. ಹಾಗೆಯೇ ಎಲ್ಲವನ್ನೂ. ಮನೆಯ ತುಪ್ಪ ಎಂದು ಬರೆದಿದ್ದೆ ನೀನು.

ಬಸ್‌ಸ್ಟ್ಯಾಂಡಿನ ಹುಡುಗ ಜಾಸ್ಮಿನಳ ಅಣ್ಣ ಶಾಬುದ್ದೀನ. ಅವಳನ್ನು ನೋಡಲು ಬಂದಿದ್ದ. ನಾವು ಓಡುತ್ತ ಆ ದಾರಿಯಲ್ಲಿ ಹೋಗುವಾಗ ನಾನು ಕಣ್ಣು ಕತ್ತಲೆ ಬಂದು ಬಿದ್ದೆ. ಜಾಸ್ಮಿನ ನನ್ನ ಕಾಲು ತಿಕ್ಕುತ್ತಿದ್ದಳು, ಅವನು ಶರಬತ್ತು ಕುಡಿಸಿದ. ಇಂದ್ರಾಬಾಯಿಗೆ ಜಾಸ್ಮಿನ ಕಾಣಲಿಲ್ಲವೇ?

ಇನ್ನು ಆಯ್ಕೆಯ ದಿನದ ಮಾತು. ತೂಕ ಆಯಿತು, ಐವತ್ತರೊಳಗೆ ಬಂದೆ. ಆಮೇಲೆ ಬಾಳೆಹಣ್ಣು, ಅನ್ನ, ಓಆರ್‌ಎಸ್ ನೀರು ಎಲ್ಲ ಒಟ್ಟಿಗೆ ಹೊಟ್ಟೆಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ಸ್ಟೇಡಿಯಮ್ಮಿನ ಹಿಂದೆ ಹೋಗಿ ಅಷ್ಟನ್ನೂ ಕಾರಿದೆ. ನನ್ನ ಎದುರಿಗೆ ಬಂದವಳನ್ನು ಹೋದ ವರ್ಷ ಐವತ್ಮೂರರಲ್ಲಿದ್ದಾಗ ಆಟವಾಡಿದ ಹಾಗೆ ಬೀಳಿಸಿದ್ದೆ. ಈ ಸಲ ಅವಳ ಕೈ ಬರುವುದು ಕಾಣುತ್ತಿತ್ತು, ನನ್ನ ಕೈ ಏಳುತ್ತಿರಲಿಲ್ಲ. ಅವಳ ಮೊಣಕಾಲು ಹಿಡಿದೆ, ಬೆರಳುಗಳು ತಾವಾಗಿಯೇ ಬಿಟ್ಟುಕೊಂಡವು. ಆಮೇಲೆ ತೊಡೆಯ ಸ್ನಾಯು ಹಿಡಿದುಕೊಂಡು ಮ್ಯಾಟಿನ ಮೇಲೆ ಬಿದ್ದೆ. ಅವಳು ನನ್ನನ್ನು ಬೀಳಿಸಲಿಲ್ಲ ಅಕ್ಕಾ, ನಾನೇ ಬಿದ್ದೆ. ಬಿದ್ದವಳು ಮುಂದಿನ ಸಾಲು ನೋಡಿದೆ. ಅಪ್ಪ ಇರಲಿಲ್ಲ. ಬಸ್ಸು ಸಿಕ್ಕಿರಲಿಕ್ಕಿಲ್ಲ ಎಂದುಕೊಂಡೆ.

ದವಾಖಾನೆಯಲ್ಲಿ ಬಂದ ಮೂತ್ರ ಚಹಾದ ಡಿಕಾಕ್ಷನ್ನಿನ ಬಣ್ಣದ್ದು. ಮೂತ್ರಪಿಂಡ ಸೋತಿತ್ತು, ಸಲಾಯಿನ್ ಹಚ್ಚಿದಮೇಲೆ ಸುಧಾರಿಸಿತು. ಎಡಗಾಲಿನ ಎಲುಬಿನಲ್ಲಿ ಕೂದಲೆಳೆಯಂಥ ಬಿರುಕು ಇದೆಯಂತೆ. ಯಾವಾಗ ಆಯಿತೋ ನನಗೇ ಗೊತ್ತಿಲ್ಲ. ಡಾಕ್ಟರ್ ಬಾಯಿ ಮೊದಲು ಕೇಳಿದ್ದು ನೀನು ಕೇಳಿದ್ದನ್ನೇ. ಇಲ್ಲ ಎಂದೆ. ಪರೀಕ್ಷೆ ಮಾಡಿದರು, ಆದರೆ ಅದಕ್ಕೂ ಮೊದಲೇ ನನ್ನ ಮಾತು ನಂಬಿದರು. ಆಮೇಲೆ, "ಏನು ತಿಂತಿ, ಅದನ್ನ ಹೇಳವಾ" ಅಂದರು. ಹೇಳಿದೆ. ತಿನ್ನುವುದು ಇಷ್ಟು, ದುಡಿಯುವುದು ಅಷ್ಟು ಆದಾಗ ಮೈ ಮೊದಲು ಉಸಿರು, ಎದೆ ಇವನ್ನು ನೋಡಿಕೊಳ್ಳುತ್ತದೆ. ಬಸಿರಿಗೆ ಬೇಕಾದದ್ದನ್ನು, ಅಂದರೆ ಮುಟ್ಟನ್ನು, ನಿಲ್ಲಿಸುತ್ತದೆ, ಎಲುಬು ಗಟ್ಟಿಯಾಗಿಡುವುದನ್ನೂ ನಿಲ್ಲಿಸುತ್ತದೆ. ಥಂಡಿ ಹತ್ತುವುದೂ ಅದಕ್ಕೇ ಎಂದರು. ನಾನು ನಿನಗೆ ಕೇಳಿದ್ದ ಔಷಧ ಅನ್ನವೇ ಆಗಿತ್ತು.

ಸರ್ ಎರಡು ಸಲ ಬಂದರು. ಮಂಚದ ಪಕ್ಕ ಕೂತರು, ನನ್ನ ಮುಖ ನೋಡಲಿಲ್ಲ. "ನಮ್ಮ ಗುರುಗಳು ನಮಗ ಮಾಡಿಸಿದ್ದನ್ನ ನಾ ನಿಮಗ ಮಾಡಿಸಿದೆ" ಅಂದು ಎದ್ದು ಹೋದರು.

ನಾನು ಈಗ ಮನೆಗೆ ಬರುವುದಿಲ್ಲ. ಜಾಸ್ಮಿನಳ ಅವ್ವ ಜೋಹರಾ ಚಾಚಿ ಬಂದಿದ್ದಾರೆ, ಅವರ ಜೊತೆ ಇಳಕಲ್ಲಿಗೆ ಹೋಗುತ್ತೇನೆ. ಮಾಮಾನಿಗೆ ನೀನು ಹೇಳಿದ್ದೀ. ಅದು ಸುಳ್ಳು ಎಂದೂ ನೀನೇ ಹೇಳಬೇಕು. ಅಪ್ಪನ ಮುಂದೆ, ಇಂದ್ರಾಬಾಯಿಯ ಮುಂದೆ ಹೇಳು. ಹೇಳುವವರೆಗೆ ನನಗೆ ಬರೆಯಬೇಡ.

ಕಸ್ತೂರಿ


ಕುಳಗೇರಿ ಕ್ರಾಸ್
19 ಸೆಪ್ಟೆಂಬರ್ 2025

ಕಸ್ತೂರಿ,

ಹೇಳಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಕಾಗದ ಓದಿ ಮೊದಲು ಇಳಕಲ್ ಬಸ್ಸು ಹತ್ತಬೇಕೆಂದು ಹೊರಟೆ. ಸೀರೆ ಬದಲಿಸಿ ಬಾಗಿಲವರೆಗೂ ಬಂದೆ. ನಿನ್ನ ಎದುರಿಗೆ ಹೇಗೆ ನಿಲ್ಲುವುದು ಎಂದು ತಿಳಿಯದೆ ಮತ್ತೆ ಒಳಗೆ ಹೋದೆ. ಮರುದಿನ ಅಂಗನವಾಡಿಯಲ್ಲಿ ಮಕ್ಕಳ ತೂಕದ ದಿನ. ಒಂದು ಕೂಸು ಇಳಿದಿತ್ತು. ಅದರ ಅವ್ವನನ್ನು ಕರೆದು ಎಂದಿನಂತೆ, "ಏನು ಉಣಿಸ್ತಿ ಇದಕ್ಕ?" ಎಂದು ಕೇಳಿದೆ. ಕೇಳಿದವಳು ಎದ್ದು ಹೊರಗೆ ಬಂದು ಕಟ್ಟೆಯ ಮೇಲೆ ಕೂತೆ. ಪರರ ಮಕ್ಕಳಿಗೆ ಮೊದಲು ಕೇಳುವ ಮಾತು ಅದು. ಅವರ ಮನೆಗೆ ಹೋಗಿ ಗಡಿಗೆಯ ಮುಚ್ಚಳ ತೆಗೆದು ನೋಡುತ್ತೇನೆ. ನಿನಗೆ ನಾನು ಕೇಳಿದ್ದು, ಯಾರವನು ಎಂದು.

ನಿನ್ನ ಕುತ್ತಿಗೆಯ ಎಲುಬು ಕಂಡಿತ್ತು ಕಸ್ತೂರಿ. ನೀನು ಸಂಡಾಸದಿಂದ ಹೊರಗೆ ಬಂದಾಗ ತುಟಿ ಒಡೆದು ಬೆಳ್ಳಗಾಗಿದ್ದು ಕಂಡಿತ್ತು. ನನ್ನ ಕಣ್ಣು ಮಾತ್ರ ನಿನ್ನ ಹೊಟ್ಟೆಯ ಮೇಲೆಯೇ ಇತ್ತು.

ಇಂದ್ರಾಬಾಯಿಗೆ ಅಲ್ಲೇ, ಎಲ್ಲ ತಾಯಂದಿರ ಎದುರಿಗೆ ಹೇಳಿದೆ. ನನ್ನ ತಂಗಿ ಹಸಿವೆಯಿಂದ ಬಿದ್ದಿದ್ದಳು, ನಾವಿಬ್ಬರೂ ಅವಳ ಮೇಲೆ ಸುಳ್ಳು ಹೊರಿಸಿದೆವು ಎಂದೆ. ಅವಳು ತಲೆ ತಗ್ಗಿಸಿ ಕಸ ಗುಡಿಸತೊಡಗಿದಳು.

ಸಂಜೆ ಅಪ್ಪ, ಯುವರಾಜ ಊಟಕ್ಕೆ ಕೂತಾಗ ನಿನ್ನ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಉಂಡಿಯ ಮಾತು ಬಂದಾಗ ಯುವರಾಜ ತಾಟು ಬದಿಗೆ ಸರಿಸಿದ. ನೀನು ಮುಂದಿನ ಸಾಲು ನೋಡಿದ್ದು ಓದಿದಾಗ ಅಪ್ಪ ಕೈ ತೊಳೆಯದೆ ಎದ್ದು ಹಿತ್ತಲಿಗೆ ಹೋದ. ನಾನೂ ಹಿಂದೆ ಹೋದೆ. ಆ ದಿನ ಬಸ್ಸು ಸಿಗಲಿಲ್ಲವೇ ಎಂದು ಅಪ್ಪನನ್ನು ಕೇಳಿದೆ, ಯಾಕೆಂದರೆ ನನಗೂ ಅವನು ಹಾಗೆಯೇ ಹೇಳಿದ್ದ.

"ಬಸ್ಸು ಬಂದಿತ್ತು" ಅಂದ. "ಇಂದ್ರಾಬಾಯಿ ಅಂದದ್ದು ನನ್ನ ಕಿವಿಗೂ ಬಿದ್ದಿತ್ತು. ನಾನೂ ಹಂಗ ತಿಳ್ದಿದ್ದೆ."

ಧೋತರ ಉಟ್ಟು ಕ್ರಾಸಿನವರೆಗೆ ಹೋಗಿದ್ದನಂತೆ. ಅಕ್ಬರಸಾಬ ಹತ್ತಿರಿ ಎಂದು ಕರೆದರೂ ಹತ್ತಲಿಲ್ಲವಂತೆ. ಅಲ್ಲಿ ಜನ ನಿನ್ನನ್ನು ತೋರಿಸಿ ಏನಾದರೂ ಅಂದಾರು ಎಂದು ಅಂಜಿದನಂತೆ. ಇದನ್ನು ನಿನಗೆ ಬರೆಯಬೇಕೋ ಬೇಡವೋ ಎಂದು ಭಾಳ ಯೋಚಿಸಿದೆ. ಮುಚ್ಚಿಟ್ಟು ಆದದ್ದು ಸಾಕು ಎಂದು ಬರೆಯುತ್ತಿದ್ದೇನೆ.

ಕ್ಷಮಿಸು ಎಂದು ಕೇಳಲು ಬಾಯಿ ಬರುವುದಿಲ್ಲ. ಜೋಹರಾ ಅವರಿಗೆ ನನ್ನ ನಮಸ್ಕಾರ ಹೇಳು. ನಾನು ಮಾಡಬೇಕಾದದ್ದನ್ನು ಅವರು ಮಾಡುತ್ತಿದ್ದಾರೆ.

ರಮಾಬಾಯಿ


ಇಳಕಲ್
28 ಅಕ್ಟೋಬರ್ 2025

ಅಕ್ಕಾ,

ನಿನ್ನ ಕಾಗದ ಬಂದು ಭಾಳ ದಿನವಾಯಿತು. ಅಪ್ಪನ ಮಾತು ಓದಿದಮೇಲೆ ಅದನ್ನು ಮಡಚಿ ಇಟ್ಟುಬಿಟ್ಟೆ. ಸಿಟ್ಟಿನಿಂದ ಕೆಲವು ದಿನ, ಆಮೇಲೆ ಏನು ಬರೆಯಬೇಕೆಂದು ತೋಚದೆ ಕೆಲವು ದಿನ. ಅಪ್ಪ ತಾನೇ ಬಂದು ಹೇಳಲಿ. ನಿನ್ನ ಕೈಯಲ್ಲಿ ಹೇಳಿಸಿದ್ದು ನನಗೆ ಸಾಲದು.

ಇಲ್ಲಿ ಮೊದಲ ವಾರ ನನಗೆ ಉಣ್ಣಲು ಬರುತ್ತಿರಲಿಲ್ಲ. ತಾಟಿನಲ್ಲಿ ಎರಡನೆಯ ರೊಟ್ಟಿ ಬಿದ್ದರೆ ಯಾರೋ ಕೂಗಿ ಹೇಳುತ್ತಾರೆ ಎನ್ನಿಸುತ್ತಿತ್ತು. ಚಾಚಿ ಒತ್ತಾಯ ಮಾಡಲಿಲ್ಲ. ತಾವೂ ನನ್ನ ಜೊತೆ ಕೂತು ಮಗ್ಗದವರ ಸುದ್ದಿ, ಮದುವೆಗಳ ಸುದ್ದಿ ಹೇಳುತ್ತ ಉಣ್ಣುತ್ತಿದ್ದರು. ಮಾತಿನಲ್ಲಿ ನಾನು ಎಷ್ಟು ಉಂಡೆನೆಂದು ನನಗೇ ತಿಳಿಯುತ್ತಿರಲಿಲ್ಲ. ಕಾಲಿನ ಎಲುಬು ಕೂಡುತ್ತಿದೆ. ಡಾಕ್ಟರ್ ಬಾಯಿ ಇನ್ನೂ ಒಂದು ತಿಂಗಳು ಓಡಬೇಡ ಎಂದಿದ್ದಾರೆ. ಉಳಿದದ್ದು ಸರಿಯಾಗಲು ಎಷ್ಟು ದಿನ ಬೇಕೋ ಅವರಿಗೂ ಗೊತ್ತಿಲ್ಲ.

ಹೋದ ವಾರ ಬಾಗಲಕೋಟೆಗೆ ಹೋಗಿ ಸರ್ ಅವರನ್ನು ಕಂಡೆ. ಮುಂದಿನ ವರ್ಷ ಐವತ್ತೇಳರಲ್ಲಿ ಆಡುತ್ತೇನೆ, ಇಲ್ಲವಾದರೆ ಆಡುವುದಿಲ್ಲ ಎಂದೆ.

"ಅಲ್ಲಿ ದೊಡ್ಡ ಹುಡುಗ್ಯಾರು ಇರ್ತಾರ. ಗೆಲ್ಲೂದು ಖಾತ್ರಿ ಇಲ್ಲ" ಅಂದರು.

"ಖಾತ್ರಿ ಐವತ್ತರಾಗೂ ಇರಲಿಲ್ರಿ" ಅಂದೆ.

ಸಂಜೆಯ ತೂಕವನ್ನು ಈಗ ಕೂಗಿ ಹೇಳುವುದಿಲ್ಲವಂತೆ, ಗೋಡೆಗೆ ನಿಲ್ಲಿಸುವುದನ್ನೂ ಬಿಟ್ಟಿದ್ದಾರಂತೆ. ಆದರೆ ಜಾಸ್ಮಿನ ರಾಷ್ಟ್ರಮಟ್ಟಕ್ಕೆಂದು ಇನ್ನೂ ಐವತ್ಮೂರಕ್ಕೇ ಇಳಿಯುತ್ತಿದ್ದಾಳೆ. ಅವಳ ಮನೆಯಲ್ಲಿ ನಾನು ಉಣ್ಣುತ್ತಿದ್ದೇನೆ, ಅವಳು ಅಲ್ಲಿ ಪ್ಲಾಸ್ಟಿಕ್ ಅಂಗಿ ತೊಟ್ಟು ಓಡುತ್ತಿದ್ದಾಳೆ. ಚಾಚಿಗೆ ಎಲ್ಲ ಹೇಳಿದೆ. ಅವರು ನಾಳೆ ಬಾಗಲಕೋಟೆಗೆ ಹೊರಟಿದ್ದಾರೆ.

ನೀನು ಕ್ಷಮೆಯ ಮಾತು ಬರೆದಿದ್ದೀ. ಆ ಸಂಡಾಸದ ಬಾಗಿಲು, ಹೊರಗಿನಿಂದ ನಿನ್ನ ದನಿ, ಅದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಹೋಯಿತು ಎಂದು ಬರೆದರೆ ಮತ್ತೊಂದು ಸುಳ್ಳಾಗುತ್ತದೆ.

ಆದರೂ ಬರುವ ರವಿವಾರ ಬಾ. ಚಾಚಿ ಇರುವುದಿಲ್ಲ, ನಾನೇ ಅಡುಗೆ ಮಾಡುತ್ತೇನೆ. ನನ್ನ ತಾಟಿನ ಕಡೆ ನೋಡುತ್ತ ಕೂರಬೇಡ, ಯಾರಾದರೂ ನೋಡಿದರೆ ನನಗೆ ತುತ್ತು ಇಳಿಯುವುದಿಲ್ಲ. ನೀನೂ ಬಡಿಸಿಕೊಂಡು ಉಣ್ಣು.

ಕಸ್ತೂರಿ